ಬಾಡಿಗೆ ಮನೆಯ ಅಡುಗೆಕಟ್ಟೆಗೆ ಯಾವ ಕಲ್ಲು?

ಪ್ರಶ್ನೆ: ತುಮಕೂರಿನಲ್ಲಿ ಬಾಡಿಗೆಗೆ ಕೊಟ್ಟಿರುವ ಮನೆಯ ಅಡುಗೆಕಟ್ಟೆ 9 ಅಡಿ ಉದ್ದ, 2 ಅಡಿ ಅಗಲ. ಈಗಿರುವುದು ಕಡಪಾ ಕಲ್ಲು, ತುಂಬ ಬಿಳಿ ಕಲೆ. ಮನೆ ಖಾಲಿಯಾದಾಗಲೆಲ್ಲ ಪಾಲಿಶ್ ಮಾಡಿಸಿ ಸಾಕಾಗಿದೆ. ಮೇಸ್ತ್ರಿ ಬಿಳಿ ಕ್ವಾರ್ಟ್ಜ್ ಹಾಕಿಸಿ ಅನ್ನುತ್ತಾರೆ. ಕಡಿಮೆ ಖರ್ಚಿನಲ್ಲಿ ಬಾಳಿಕೆ ಬರುವುದು ಯಾವುದು?

ಉತ್ತರ: ಕ್ವಾರ್ಟ್ಜ್ ಬೇಡ. ಅದು ಕಲ್ಲಿನ ಪುಡಿಯನ್ನು ರಾಳದಲ್ಲಿ ಕಲಸಿ ಅಚ್ಚು ಹಾಕಿದ್ದು. ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರವಾಗಿ ಇಟ್ಟರೆ ರಾಳ ಸುಟ್ಟು ಗುರುತು ಬೀಳುತ್ತದೆ. ಬಿಳಿಯ ಮೇಲೆ ಅರಿಸಿನದ ಕಲೆ ಬೇರೆ. ಬಾಡಿಗೆ ಮನೆಯಲ್ಲಿ ದಿನಾ ಕಾಯುವವರು ಯಾರು?

ಕಡಪಾದ ಮೇಲಿನ ಬಿಳಿ ಕಲೆ ಕೊಳೆಯಲ್ಲ. ಕಡಪಾ ಸುಣ್ಣದ ಅಂಶದ ಕಲ್ಲು. ಹಿಂಡಿದ ನಿಂಬೆಹೋಳನ್ನು ಬೋರಲು ಇಟ್ಟು ಮರೆತರೆ, ಎತ್ತುವಾಗ ಅಷ್ಟೇ ಗಾತ್ರದ ಮಂಕು ಉಂಗುರ ಮೂಡಿರುತ್ತದೆ. ಹುಳಿ ಕಲ್ಲನ್ನೇ ತಿಂದಿರುವುದರಿಂದ ಎಷ್ಟು ಉಜ್ಜಿದರೂ ಹೋಗದು.

ನಿಮಗೆ 18 ಮಿ.ಮೀ. ದಪ್ಪದ, ಚುಕ್ಕೆಚುಕ್ಕೆಯ ಗಾಢ ಬಣ್ಣದ ಗ್ರಾನೈಟ್ ಸಾಕು. ಅಚ್ಚ ಕಪ್ಪಿನ ಮೇಲೆ ಬೋರ್‌ವೆಲ್ ನೀರಿನ ಉಪ್ಪು ಎದ್ದು ಕಾಣುತ್ತದೆ. ಮೇಲಾಗಿ, ಬಣ್ಣ ಬಳಿದ ಕಲ್ಲೂ ಕಪ್ಪಿನ ಹೆಸರಲ್ಲಿ ಮಾರಾಟವಾಗುತ್ತದೆ. ಬಿಳಿ ಬಟ್ಟೆಗೆ ಅಸಿಟೋನ್ (ಉಗುರುಬಣ್ಣ ತೆಗೆಯುವ ದ್ರವ) ಹಾಕಿ ಉಜ್ಜಿ ನೋಡಿ, ಬಟ್ಟೆ ಕಪ್ಪಾದರೆ ಬಿಟ್ಟುಬಿಡಿ. ದೊಡ್ಡ ಸ್ಲ್ಯಾಬ್ ಬೇಡ, ಕಡಿಮೆ ಅಗಲದ ಕಟರ್ ಸ್ಲ್ಯಾಬ್ ಕೇಳಿ. ದರವೂ ಇಳಿಯುತ್ತದೆ, ಕತ್ತರಿಸಿ ಉಳಿಯುವ ತುಂಡೂ ಕಡಿಮೆ. ಅಳತೆ ಸರಿಯಾಗಿ 2 ಅಡಿಗೇ ನಿಲ್ಲಲಿ. ಒಂದಿಂಚು ಹೆಚ್ಚಾದರೆ ಎರಡೂಕಾಲು ಅಡಿಗೆ ಬಿಲ್ ಬರೆಯುವ ಅಂಗಡಿಗಳಿವೆ. ಅಂಚಿನ ಮೋಲ್ಡಿಂಗ್‌ಗೆ ರನ್ನಿಂಗ್ ಅಡಿ, ಅಂದರೆ ಬರೀ ಉದ್ದದ ಲೆಕ್ಕದಲ್ಲಿ ಬೇರೆ ಹಣ; ಮುಂದಿನ 9 ಅಡಿಗೆ ಸಾದಾ ಅರ್ಧಗೋಲ ಸಾಕು, ಚೂಪಾದ ಅಂಚು ಪಾತ್ರೆ ತಗುಲಿದರೆ ಚಕ್ಕೆ ಏಳುತ್ತದೆ.

ಹಳೆಯ ಕಡಪಾ ಅಲುಗಾಡದಿದ್ದರೆ ಕೀಳಿಸಬೇಡಿ, ಅದೇ ಆಧಾರವಾಗುತ್ತದೆ. ಜಿಡ್ಡು ತೊಳೆದು, ಉಳಿಯಿಂದ ಒರಟು ಮಾಡಿ, ಟೈಲ್ ಅಂಟಿನ ಮೇಲೆ ಗ್ರಾನೈಟ್ ಕೂರಿಸಿ. ನಯವಾದ ಕಲ್ಲಿಗೆ ಬರೀ ಸಿಮೆಂಟ್ ಹಾಲು ಹಿಡಿಯುವುದಿಲ್ಲ. ಕಟ್ಟೆ ಸುಮಾರು ಒಂದಿಂಚು ಎತ್ತರವಾಗುತ್ತದೆ, ತೊಂದರೆಯಿಲ್ಲ.

ಕಲ್ಲು ಸೀಳುವುದು ಹೆಚ್ಚಾಗಿ ಸಿಂಕಿನ ಬಳಿ. ತೂತಿನ ಮೂಲೆಗಳನ್ನು ಚೌಕವಾಗಿ ಕತ್ತರಿಸಿದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ, ದುಂಡಗೆ ಮಾಡಿಸಿ. ಜೋಡಣೆ ಅನಿವಾರ್ಯವಾದರೆ ಸಿಂಕಿನಿಂದ ದೂರವಿರಲಿ, ಕಲ್ಲಿನ ಬಣ್ಣದ ಎಪಾಕ್ಸಿ ಅಂಟು ತುಂಬಿಸಿ. ಗೋಡೆ ಸೇರುವ ಸಂದಿಗೆ ಮಾತ್ರ ಸಿಲಿಕೋನ್; ಅದನ್ನು ಹಾಕದಿದ್ದರೆ ನೀರು ಹಿಂದಿನಿಂದ ಇಳಿದು ಕೆಳಗಿನ ಕಪಾಟು ಉಬ್ಬುತ್ತದೆ.