ಹಾರ್ಡ್‌ಡಿಸ್ಕ್ ಕೈಕೊಡುತ್ತಿದೆಯೇ? ಚೆಕ್‌ಡಿಸ್ಕ್ ಓಡಿಸುವ ಮೊದಲು ಫೈಲುಗಳನ್ನು ಹೊರತೆಗೆಯಿರಿ

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ಲ್ಯಾಪ್‌ಟಾಪ್ 2017ರದ್ದು, ಇಂಟೆಲ್ ಏಳನೇ ತಲೆಮಾರಿನ ಪ್ರೊಸೆಸರ್, 1 ಟಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಪರದೆ ಬರಲು ಹತ್ತು ನಿಮಿಷ ಬೇಕು. ಕೆಲವು ಫೋಲ್ಡರುಗಳನ್ನು ತೆರೆದರೆ ಯಂತ್ರವೇ ಸ್ತಬ್ಧವಾಗುತ್ತದೆ. ಒಳಗೆ ಮಗಳ ಫೋಟೋಗಳಿವೆ, ನಿಮ್ಮ ತಂದೆಯವರು 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಲೇಖನಗಳಿವೆ. ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ, ಹೊಸದನ್ನೇ ಕೊಳ್ಳಿ ಎಂದರು. ಸ್ನೇಹಿತರು ಚೆಕ್‌ಡಿಸ್ಕ್ ಓಡಿಸಿದರೆ ಸರಿಹೋಗುತ್ತದೆ ಎಂದರು. ಯಾರ ಮಾತು ಕೇಳಲಿ ಎಂದು ಕೇಳಿದ್ದೀರಿ.

ಸದ್ಯಕ್ಕೆ ಇಬ್ಬರ ಮಾತೂ ಬೇಡ. ಅದರಲ್ಲೂ ಸ್ನೇಹಿತರ ಮಾತು ಖಂಡಿತ ಬೇಡ. ಚೆಕ್‌ಡಿಸ್ಕ್ ಎಂಬ ವಿಂಡೋಸಿನ ಸಲಕರಣೆ ಇರುವುದು ಯಾವ ಫೈಲು ಎಲ್ಲಿದೆ ಎಂಬ ಡಿಸ್ಕಿನ ಲೆಕ್ಕ ಸರಿಪಡಿಸಲು, ನಿಮ್ಮ ಫೋಟೋ ಉಳಿಸಲು ಅಲ್ಲ. 'ಆರ್' ಆಯ್ಕೆ ಕೊಟ್ಟು ಓಡಿಸಿದರೆ ಅದು ಡಿಸ್ಕಿನ ಒಂದೊಂದು ಸೆಕ್ಟರನ್ನೂ, ಅಂದರೆ ಮಾಹಿತಿ ಇಡುವ ಒಂದೊಂದು ಪುಟ್ಟ ಖಾನೆಯನ್ನೂ, ಓದಲು ಹೋಗುತ್ತದೆ. 1 ಟಿಬಿ ಎಂದರೆ ಗಂಟೆಗಟ್ಟಲೆ ಕೆಲಸ; ಉಬ್ಬಸದಿಂದ ಏದುಸಿರು ಬಿಡುತ್ತಿರುವವನನ್ನು ಬೆಟ್ಟ ಹತ್ತಿಸಿದ ಹಾಗೆ. ಸಾಲದ್ದಕ್ಕೆ, ತಾಳೆಯಾಗದ ಫೈಲುಗಳ ತುಣುಕುಗಳನ್ನು ಹೆಸರಿಲ್ಲದ ಚೂರುಗಳಾಗಿ ಬೇರೊಂದು ಫೋಲ್ಡರಿಗೆ ಸುರಿಯುತ್ತದೆ. ಆಮೇಲೆ ಯಾವುದು ಯಾವ ಲೇಖನ ಎಂದು ಹುಡುಕುತ್ತ ಕೂರಬೇಕು.

ಮೊದಲು ಕಿವಿಗೊಟ್ಟು ಕೇಳಿ. ಡಿಸ್ಕಿನಿಂದ ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ಈಗಲೇ ಆಫ್ ಮಾಡಿ, ಮತ್ತೆ ಆನ್ ಮಾಡಬೇಡಿ. ಅದು ಸಾಮಾನ್ಯವಾಗಿ ಓದುವ ಹೆಡ್ ಕೆಟ್ಟಿರುವುದರ ಲಕ್ಷಣ. ಹಾಗೆಯೇ ಓಡಿಸಿದರೆ ಮಾಹಿತಿ ಇರುವ ಒಳಗಿನ ತಟ್ಟೆಯ ಮೇಲ್ಮೈಯೇ ಗೀಚಿಹೋಗಬಹುದು. ಆ ಸ್ಥಿತಿಯಲ್ಲಿ ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚುವ ಡೇಟಾ ರಿಕವರಿ ಪ್ರಯೋಗಾಲಯವೇ ದಾರಿ, ಮತ್ತು ಅದು ದುಬಾರಿ. ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಸಲಹೆ ಯೂಟ್ಯೂಬಿನಲ್ಲಿ ಇನ್ನೂ ಓಡಾಡುತ್ತಿದೆ. ಹೊರತೆಗೆದ ಕೂಡಲೇ ಡಿಸ್ಕಿನ ಮೇಲೆ ತೇವ ಕಟ್ಟುತ್ತದೆ, ಅಷ್ಟೇ ಲಾಭ.

ಸದ್ದಿಲ್ಲ, ಬರೀ ನಿಧಾನ ಎಂದಾದರೆ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಅಥವಾ ದೊಡ್ಡ ಪೆನ್‌ಡ್ರೈವ್ ಹಚ್ಚಿ ನಕಲು ಶುರುಮಾಡಿ. ಇಡೀ ಡಿ ಡ್ರೈವನ್ನು ಎಳೆದು ಬಿಡಬೇಡಿ. ಓದಲಾಗದ ಒಂದು ಫೈಲು ಸಿಕ್ಕಿದರೂ ಎಲ್ಲವೂ ಅಲ್ಲೇ ನಿಂತುಬಿಡುತ್ತದೆ. ಮೊದಲು ತಂದೆಯವರ ಲೇಖನಗಳು, ಏಕೆಂದರೆ ಅವು ಪುಟ್ಟ ಫೈಲುಗಳು, ನಿಮಿಷದಲ್ಲಿ ಮುಗಿಯುತ್ತವೆ. ಆಮೇಲೆ ಫೋಟೋಗಳು, ಒಂದೊಂದೇ ಫೋಲ್ಡರಾಗಿ. ಸಿನಿಮಾ, ಸಾಫ್ಟ್‌ವೇರ್ ಎಲ್ಲ ಇದ್ದಲ್ಲೇ ಇರಲಿ. ಕಮಾಂಡ್ ಬಳಸುವ ಧೈರ್ಯವಿದ್ದರೆ ವಿಂಡೋಸಿನಲ್ಲೇ ಇರುವ, ಫೈಲು ನಕಲು ಮಾಡುವ ರೋಬೋಕಾಪಿ ಒಳ್ಳೆಯದು. ಆದರೆ ಏನೂ ಹೇಳದೆ ಬಿಟ್ಟರೆ ಅದು ಓದಲಾಗದ ಒಂದು ಫೈಲಿಗಾಗಿ ಹತ್ತು ಲಕ್ಷ ಸಲ, ಪ್ರತಿ ಸಲಕ್ಕೂ 30 ಸೆಕೆಂಡ್ ಕಾಯುತ್ತ ಪ್ರಯತ್ನಿಸುತ್ತದೆ. ಮರುಪ್ರಯತ್ನದ 'ಆರ್' ಆಯ್ಕೆಗೂ ಕಾಯುವ 'ಡಬ್ಲ್ಯೂ' ಆಯ್ಕೆಗೂ ಸೊನ್ನೆ ಕೊಟ್ಟರೆ, ಕೆಟ್ಟದ್ದನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ.

ಫೈಲುಗಳು ಹೊರಬಂದ ಮೇಲೆ ರೋಗ ಪತ್ತೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ. ಡಿಸ್ಕ್ ತನ್ನ ಆರೋಗ್ಯದ ದಾಖಲೆಯನ್ನು ತಾನೇ ಬರೆದಿಟ್ಟುಕೊಂಡಿರುತ್ತದೆ; ಇದು ಅದನ್ನು ಓದಿ ತೋರಿಸುತ್ತದೆ. ನೋಡಬೇಕಾದ ಸಾಲುಗಳು ನಾಲ್ಕೇ. 05 ಎಂದರೆ ಕೆಟ್ಟುಹೋಗಿ ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರುಗಳು. ಸಿ5 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವವು. ಸಿ6 ಎಂದರೆ ಡಿಸ್ಕ್ ಕೈಚೆಲ್ಲಿದವು. ಈ ಮೂರರಲ್ಲಿ ಕೊನೆಯ ಅಂಕಣ ಸೊನ್ನೆಯಲ್ಲದೆ, ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡಿಸ್ಕಿನ ಕಥೆ ಮುಗಿಯಿತು. ಆ ಅಂಕಿಗಳು ಸಾಮಾನ್ಯವಾಗಿ ಹದಿನಾರರ ಮಾನದಲ್ಲಿ ಇರುತ್ತವೆ ಎನ್ನುವುದು ನೆನಪಿರಲಿ. 10 ಎಂದು ಕಂಡರೆ ಅದು ಹದಿನಾರು. ನಾಲ್ಕನೆಯದು ಸಿ7, ಡಿಸ್ಕಿಗೂ ಯಂತ್ರಕ್ಕೂ ನಡುವೆ ಮಾಹಿತಿ ಸಾಗುವಾಗ ಆದ ತಪ್ಪುಗಳ ಲೆಕ್ಕ. ಅದೊಂದೇ ಏರುತ್ತಿದ್ದು ಉಳಿದವು ಸೊನ್ನೆಯಾಗಿದ್ದರೆ ತಪ್ಪು ಬಹುಶಃ ಡಿಸ್ಕಿನದ್ದಲ್ಲ, ಅದಕ್ಕೆ ಹೋಗುವ ಕೇಬಲಿನದ್ದು. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100% ತೋರಿಸುತ್ತದೆ ಎಂಬುದನ್ನು ಮಾತ್ರ ಸಾಕ್ಷಿಯಾಗಿ ಹಿಡಿಯಬೇಡಿ. ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್‌ಡಿಸ್ಕಿನ ಮೇಲೆ ವಿಂಡೋಸ್ 10 ಓಡಿದರೆ ಆರೋಗ್ಯವಂತ ಡಿಸ್ಕೂ ಹಾಗೆಯೇ ತೋರಿಸುವುದುಂಟು.

ಮದರ್‌ಬೋರ್ಡಿನ ಮಾತನ್ನು ಪರೀಕ್ಷಿಸುವುದು ಇನ್ನೂ ಸುಲಭ. ಪೆನ್‌ಡ್ರೈವಿಗೆ ವಿಂಡೋಸಿನ ಬದಲು ಬಳಸಬಹುದಾದ ಉಚಿತ ವ್ಯವಸ್ಥೆಗಳಾದ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿ, ಅದರಿಂದಲೇ ಲ್ಯಾಪ್‌ಟಾಪ್ ಶುರುಮಾಡಿ, ಏನನ್ನೂ ಇನ್‌ಸ್ಟಾಲ್ ಮಾಡದೆ ಒಂದು ಗಂಟೆ ಬಳಸಿ ನೋಡಿ. ಸಲೀಸಾಗಿ ಓಡಿದರೆ ಮದರ್‌ಬೋರ್ಡ್ ಮೇಲಿನ ಆರೋಪ ಬಹುಮಟ್ಟಿಗೆ ಸುಳ್ಳು. ಡಿಸ್ಕನ್ನೂ ನೋಡದೆ ಬೋರ್ಡಿಗೆ ಶವಸಂಸ್ಕಾರ ಮಾಡುವ ಅಂಗಡಿಗೆ ಮತ್ತೆ ಹೋಗದಿರುವುದೇ ಮೇಲು.

ಹೊಸದಾಗಿ ಹಾಕುವುದು ಹಾರ್ಡ್‌ಡಿಸ್ಕ್ ಆಗಬಾರದು, ತಿರುಗುವ ಭಾಗಗಳಿಲ್ಲದ, ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಆಗಬೇಕು. ಹಳೆಯದರ ಜಾಗಕ್ಕೆ ನೇರವಾಗಿ ಕೂರುವುದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಅದರ ದಪ್ಪ 7 ಮಿಮೀ. ನಿಮ್ಮ ಹಳೆಯದು 9.5 ಮಿಮೀ ಇದ್ದರೆ ಅಲ್ಲಾಡದಂತೆ ತೆಳುವಾದ ಪ್ಲಾಸ್ಟಿಕ್ ಚೌಕಟ್ಟು ಬೇಕಾಗಬಹುದು. ಆ ಕಾಲದ ಕೆಲವು ಲ್ಯಾಪ್‌ಟಾಪುಗಳಲ್ಲಿ ಪುಟ್ಟ ಕಾರ್ಡಿನ ರೂಪದ ಎಸ್‌ಎಸ್‌ಡಿ ಕೂರುವ ಎಂ.2 ಕಿಂಡಿಯೂ ಇರುತ್ತದೆ. ಅಲ್ಲೊಂದು ಬಲೆ ಇದೆ: ಆ ಕಿಂಡಿ ಸಾಟಾ ಒಂದನ್ನೇ ಒಪ್ಪುವಂಥದ್ದಾದರೆ ಎನ್‌ವಿಎಂಇ ಎಂಬ ಇನ್ನೊಂದು ಬಗೆಯ ಎಸ್‌ಎಸ್‌ಡಿ ಕಾರ್ಡ್ ಅದರಲ್ಲಿ ಕೆಲಸ ಮಾಡುವುದಿಲ್ಲ. ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿ ಇಳಿಸಿಕೊಂಡು ನೋಡಿಯೇ ಕೊಳ್ಳಿ. ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತದೆ; ಆದರೆ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳದೆ ಹೊರಬರಬೇಡಿ, ವಾರಂಟಿ ಕೇಳುವಾಗ ಬೇಕಾಗುತ್ತದೆ.

ಬಿಚ್ಚುವಾಗ ಆತುರ ಬೇಡ. ಚಾರ್ಜರ್ ಕಳಚಿ, ಬ್ಯಾಟರಿ ಒಳಗಿದ್ದರೆ ಮುಚ್ಚಳ ತೆಗೆದ ಕೂಡಲೇ ಅದರ ಕನೆಕ್ಟರ್ ಬಿಡಿಸಿ. ಮುಚ್ಚಳ ಬಾರದಿದ್ದರೆ ಬಲ ಹಾಕುವ ಮೊದಲು ಅಡಿಯ ರಬ್ಬರ್ ಪಾದಗಳ ಕೆಳಗೆ ಹುಡುಕಿ, ಅಲ್ಲಿ ಸ್ಕ್ರೂ ಅಡಗಿರುವುದುಂಟು. ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಕಾಗದದ ಮೇಲೆ ಲ್ಯಾಪ್‌ಟಾಪಿನ ಚಿತ್ರ ಗೀಚಿ ಆಯಾ ಜಾಗಕ್ಕೆ ಆಯಾ ಸ್ಕ್ರೂ ಅಂಟಿಸಿಡಿ. ಉದ್ದದ್ದನ್ನು ಗಿಡ್ಡ ತೂತಿಗೆ ತಿರುಗಿಸಿದರೆ ಅದು ಕೀಬೋರ್ಡ್ ಕಡೆ ಮೇಲಕ್ಕೆ ಉಬ್ಬಿ ಬರುತ್ತದೆ.

ಸಾಯುತ್ತಿರುವ ಡಿಸ್ಕನ್ನು ಇಡಿಯಾಗಿ ಹೊಸದಕ್ಕೆ ಕ್ಲೋನ್ (ಯಥಾವತ್ ನಕಲು) ಮಾಡುವ ಗೋಜಿಗೆ ಹೋಗಬೇಡಿ, ವಿಂಡೋಸನ್ನು ಹೊಸದಾಗಿಯೇ ಇನ್‌ಸ್ಟಾಲ್ ಮಾಡಿ. 8 ಜಿಬಿ ಪೆನ್‌ಡ್ರೈವ್ ಸಾಕು. ನಿಮ್ಮದು ಅಸಲಿ ವಿಂಡೋಸ್ ಆಗಿದ್ದರೆ ಕೀ ಕೇಳಿದಾಗ 'ನನ್ನ ಬಳಿ ಇಲ್ಲ' ಎಂದು ಮುಂದುವರಿಯಿರಿ. ಪರವಾನಗಿ ಅಂಟಿಕೊಂಡಿರುವುದು ಮುಖ್ಯವಾಗಿ ಮದರ್‌ಬೋರ್ಡಿಗೆ, ಡಿಸ್ಕಿಗಲ್ಲ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಮತ್ತು ಒಂದೆರಡನ್ನು ಬಿಟ್ಟರೆ ಏಳನೇ ತಲೆಮಾರಿನ ಪ್ರೊಸೆಸರುಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಬ್ರೌಸರ್, ಮೇಲ್, ಬರವಣಿಗೆ ಇಷ್ಟೇ ಕೆಲಸವಾದರೆ ನಾನು ಲಿನಕ್ಸ್ ಮಿಂಟ್ ಹಾಕುತ್ತಿದ್ದೆ.

ಏನೇ ಹಾಕಿದರೂ ತಂದೆಯವರ ಲೇಖನಗಳನ್ನು ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಂಡರೆ ಗಾಬರಿಯಾಗಬೇಡಿ. ಫೈಲು ಕೆಟ್ಟಿಲ್ಲ. ನುಡಿಯ ಹಳೆಯ ಫಾಂಟುಗಳು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಯಂತ್ರಗಳೂ ಒಪ್ಪುವ ಅಕ್ಷರ ಸಂಕೇತದಲ್ಲಿಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಹಾಗೆಯೇ ಕಾಣುತ್ತವೆ. ನಕಲು ಮಾಡುವಾಗಲೇ ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನೂ ತೆಗೆದಿಟ್ಟುಕೊಳ್ಳಿ, ಬಿಡುವಾದಾಗ ಯೂನಿಕೋಡಿಗೆ ಪರಿವರ್ತಿಸಿ.

ಹಳೆಯ ಡಿಸ್ಕನ್ನು ಅಂಗಡಿಯವರು ಎಕ್ಸ್‌ಚೇಂಜ್ ಎಂದು ಕೇಳಿದರೆ ಕೊಡಬೇಡಿ. ನಕಲಾದ ಫೋಟೋಗಳನ್ನೆಲ್ಲ ತೆರೆದು ನೋಡುವವರೆಗೆ ಅದು ನಿಮ್ಮ ಬೀರುವಿನಲ್ಲೇ ಇರಲಿ. 05, ಸಿ5, ಸಿ6 ಸಾಲುಗಳ ಅಂಕಿಗಳನ್ನೂ ಲ್ಯಾಪ್‌ಟಾಪಿನ ಮಾದರಿ ಸಂಖ್ಯೆಯನ್ನೂ ತಿಳಿಸಿದರೆ ಯಾವ ಎಸ್‌ಎಸ್‌ಡಿ ಹೊಂದುತ್ತದೆ ಎಂದು ಹೇಳುತ್ತೇನೆ.