ಸೈಟ್‌ಮ್ಯಾಪ್‌ಗೆ ದುಡ್ಡು ಕೊಡಬೇಕಾ?

ಪ್ರಶ್ನೆ: ಕಕ್ಕಬೆ ಹತ್ತಿರ ನಮ್ಮ ಕಾಫಿ ತೋಟದಲ್ಲಿ ಹೋಂಸ್ಟೇ ಇದೆ. ಮಗಳು ವರ್ಡ್‌ಪ್ರೆಸ್‌ನಲ್ಲಿ ವೆಬ್‌ಸೈಟ್ ಮಾಡಿಕೊಟ್ಟಿದ್ದಾಳೆ. ಗೂಗಲ್‌ನಲ್ಲಿ ಹುಡುಕಿದರೆ ಮೊದಲ ಪುಟ ಮಾತ್ರ ಸಿಗುತ್ತದೆ. ರೂಮುಗಳದ್ದು, ತಡಿಯಂಡಮೋಳ್ ಚಾರಣದ್ದು, ಜೇನು-ಕರಿಮೆಣಸಿನದ್ದು ಯಾವುದೂ ಬರುತ್ತಿಲ್ಲ. ಎಕ್ಸ್‌ಎಂಎಲ್ ಸೈಟ್‌ಮ್ಯಾಪ್ ಹಾಕಿದರೆ ಎಲ್ಲಾ ಬರುತ್ತೆ ಅಂತ ಒಬ್ಬರು ದುಡ್ಡು ಕೇಳುತ್ತಿದ್ದಾರೆ. ಕೊಡಬಹುದಾ?
— ಹೋಂಸ್ಟೇ ನಡೆಸುವ ಓದುಗರು

ಉತ್ತರ: ಕೊಡಬೇಡಿ. 2020ರಲ್ಲಿ ಬಂದ 5.5ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ ತಾನೇ ಸೈಟ್‌ಮ್ಯಾಪ್ (ಸೈಟಿನ ಪುಟಗಳ ವಿಳಾಸಗಳ ಪಟ್ಟಿ) ಮಾಡಿಡುತ್ತದೆ. ನಿಮ್ಮ ಸೈಟಿನ ವಿಳಾಸದ ಕೊನೆಗೆ ಒಂದು ಸ್ಲ್ಯಾಶ್ ಹಾಕಿ ‘ಡಬ್ಲ್ಯುಪಿ-ಸೈಟ್‌ಮ್ಯಾಪ್ ಡಾಟ್ ಎಕ್ಸ್‌ಎಂಎಲ್’ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ನೋಡಿ, ಪಟ್ಟಿ ತೆರೆದುಕೊಳ್ಳಬೇಕು. ಎಸ್‌ಇಒ ಪ್ಲಗಿನ್ (ಹುಡುಕಾಟದಲ್ಲಿ ಸೈಟ್ ಚೆನ್ನಾಗಿ ಕಾಣಲು ನೆರವಾಗುವ ಸೇರ್ಪಡೆ) ಹಾಕಿದ್ದರೆ ಆ ಫೈಲಿನ ಹೆಸರು ಬೇರೆ ಇರಬಹುದು. ಏನೂ ತೆರೆಯದಿದ್ದರೆ ಸೆಟ್ಟಿಂಗ್ಸ್‌ನ ರೀಡಿಂಗ್ ಭಾಗಕ್ಕೆ ಹೋಗಿ, ಸರ್ಚ್ ಎಂಜಿನ್‌ಗಳು ಬರುವುದು ಬೇಡ ಎನ್ನುವ ಚೌಕಕ್ಕೆ ಟಿಕ್ ಬಿದ್ದಿದೆಯಾ ನೋಡಿ. ಸೈಟ್ ಕಟ್ಟುವಾಗ ಟಿಕ್ ಹಾಕಿ ಆಮೇಲೆ ತೆಗೆಯಲು ಮರೆಯುವವರು ಜಾಸ್ತಿ. ಅದಿದ್ದರೆ ಸೈಟ್‌ಮ್ಯಾಪೂ ತಯಾರಾಗುವುದಿಲ್ಲ.

ಆದರೆ ಸೈಟ್‌ಮ್ಯಾಪ್ ಅಂದರೆ ಬರೀ ವಿಳಾಸಗಳ ಪಟ್ಟಿ, ಅಷ್ಟೇ. ಇಂಥ ಪುಟಗಳಿವೆ ಅಂತ ತಿಳಿಸುತ್ತದೆ, ಸೇರಿಸಿಕೊಳ್ಳುವುದು ಬಿಡುವುದು ಗೂಗಲ್‌ಗೆ ಬಿಟ್ಟಿದ್ದು. ಒಂದು ಫೈಲಿನಲ್ಲಿ 50,000 ವಿಳಾಸ ಹಿಡಿಯುತ್ತದೆ. ಹತ್ತಿಪ್ಪತ್ತು ಪುಟಗಳ ಸೈಟಿನಲ್ಲಿ ಪುಟಗಳ ನಡುವೆ ಲಿಂಕ್ ಸರಿಯಾಗಿದ್ದರೆ ಸೈಟ್‌ಮ್ಯಾಪ್ ಇಲ್ಲದೆಯೂ ನಡೆಯುತ್ತದೆ.

ನಿಮ್ಮ ಸಮಸ್ಯೆ ಲಿಂಕಿನದ್ದೇ ಇರಬಹುದು. ರೂಮಿನ ಪುಟ ತೆರೆಯಬೇಕಾದರೆ ಮೊದಲು ಬುಕಿಂಗ್ ಬಾಕ್ಸಿನಲ್ಲಿ ತಾರೀಖು ಹಾಕಬೇಕಾ? ಹಾಗಿದ್ದರೆ ಗೂಗಲ್ ಅಲ್ಲೇ ನಿಲ್ಲುತ್ತದೆ, ಅದು ಲಿಂಕ್ ಹಿಡಿದು ಹೋಗುತ್ತದೆಯೇ ಹೊರತು ನಮ್ಮ ಹಾಗೆ ತಾರೀಖು ತುಂಬುತ್ತಾ ಕೂರುವುದಿಲ್ಲ. ಮೊದಲ ಪುಟದಿಂದಲೇ ಪ್ರತಿ ರೂಮಿಗೂ ನೇರ ಲಿಂಕ್ ಕೊಡಿ. ಚಾರಣದ ಪುಟದಿಂದಲೂ ಕೊಡಿ, ತಡಿಯಂಡಮೋಳ್ ಹತ್ತಲು ಬರುವವರಿಗೆ ತಂಗಲು ಜಾಗ ಬೇಕೇ ಬೇಕು ಅಲ್ವಾ? ಎಲ್ಲ ರೂಮಿಗೂ ಒಂದೇ ವಿವರಣೆ ಅಂಟಿಸಿ ಫೋಟೊ ಮಾತ್ರ ಬದಲಿಸಿದ್ದರೆ ಅದನ್ನೂ ಸರಿಮಾಡಿ. ಯಾವ ಕಿಟಕಿಗೆ ಬೆಟ್ಟ ಕಾಣುತ್ತದೆ, ಮಳೆಗಾಲದಲ್ಲಿ ಅಂಗಳದವರೆಗೆ ಕಾರು ಬರುತ್ತದಾ, ಅಂಥದ್ದು ಬರೆಯಿರಿ.

ಇಷ್ಟಾದ ಮೇಲೆ ಸೈಟ್ ಮಾಲೀಕರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಸೈಟ್‌ಮ್ಯಾಪ್ ವಿಳಾಸ ಕೊಡಿ, ಅದು ಉಚಿತ. ಪುಟಗಳ ವರದಿಯಲ್ಲಿ ಯಾವುದು ಯಾಕೆ ಸೇರಿಲ್ಲ ಅಂತ ಕಾರಣ ಸಮೇತ ಇರುತ್ತದೆ. ಗೂಗಲ್‌ಗೆ ವಿಳಾಸ ಗೊತ್ತಿದ್ದೂ ಇನ್ನೂ ಓದಿಲ್ಲ ಅಂತಿದ್ದರೆ ಲಿಂಕ್ ನೋಡಿ, ಸ್ವಲ್ಪ ಕಾಯಿರಿ. ಓದಿಯೂ ಸೇರಿಸಿಲ್ಲ ಅಂತಿದ್ದರೆ ಬರಹ ನೋಡಿ.

ದುಡ್ಡು ಕೇಳುತ್ತಿರುವವರು ಸೈಟ್‌ಮ್ಯಾಪ್‌ನಲ್ಲಿ ಯಾವ ಪುಟ ಎಷ್ಟು ಮುಖ್ಯ ಅಂತ ಹೇಳುವ ‘ಪ್ರಯಾರಿಟಿ’ ಅಂಕಿ ಏರಿಸಿಕೊಡುತ್ತೇನೆ ಅಂದರೂ ಒಪ್ಪಬೇಡಿ. ಗೂಗಲ್ ಆ ಅಂಕಿಯನ್ನು ನೋಡುವುದೇ ಇಲ್ಲ.