ಸಮ್ಮೇಳನದ ಟಿಕೆಟ್ ದರ ಎಷ್ಟಿರಬೇಕು?

ಪ್ರಶ್ನೆ: ಕಾಸರಗೋಡಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ಒಂದು ದಿನದ ಸಮ್ಮೇಳನ ನಡೆಸಬೇಕೆಂದಿದ್ದೇವೆ. 150 ಆಸನಗಳಿವೆ. ವಿದ್ಯಾರ್ಥಿಗಳ ಕೈಗೆಟುಕುವಂತೆ ದರ ನಿಗದಿ ಮಾಡುವುದು ಹೇಗೆ?
– ಓದುಗರು, ಬದಿಯಡ್ಕ

ಉತ್ತರ: 150 ಟಿಕೆಟೂ ಹೋಗುತ್ತದೆಂದು ಲೆಕ್ಕ ಹಾಕಬೇಡಿ; 100 ಎಂದೇ ಹಿಡಿಯಿರಿ. ಸಭಾಂಗಣ, ಧ್ವನಿವರ್ಧಕಗಳಿಗೆ 30,000 ರೂಪಾಯಿ, ಊಟ-ಚಹಾಕ್ಕೆ ತಲಾ 220 ಎಂದುಕೊಳ್ಳೋಣ. 40 ವಿದ್ಯಾರ್ಥಿಗಳಿಂದ 220 ಮಾತ್ರ ಪಡೆದರೆ, ಸ್ಥಿರ ಖರ್ಚು ಉಳಿದ 60 ಮಂದಿಗೆ ತಲಾ 500 ಬೀಳುತ್ತದೆ. ಹಾಗಾಗಿ ಉದ್ಯೋಗಸ್ಥರಿಗೆ 720. ಆನ್‌ಲೈನ್ ಪಾವತಿಯ ಕಮಿಷನ್ ಇದರ ಮೇಲೆ ಸೇರಿಸಿ. ಭಾಷಣಕಾರರಿಗೆ ಟಿಕೆಟ್ ಬೇಡವೆಂದಾದರೆ ಅವರ ಊಟವನ್ನೂ ಸ್ಥಿರ ಖರ್ಚಿಗೆ ಹಾಕಿ.

ಪ್ರಾಯೋಜಕರ ಹಣ ಬ್ಯಾಂಕಿಗೆ ಬರುವ ತನಕ ಅದನ್ನು ನಂಬಿ ದರ ಇಳಿಸಬಾರದು. ಕೊನೆಗೆ ಅದು ತಪ್ಪಿದರೆ ಹೊರೆ ಸಂಘಟಕರ ಜೇಬಿಗೇ. ಬಂದ ಮೇಲೆ ದೂರದ ವಿದ್ಯಾರ್ಥಿಗಳ ಪ್ರಯಾಣಕ್ಕೆ ಕೊಡಿ.

ಪೂರ್ತಿ ಉಚಿತ ಬೇಡ. ಹೆಸರು ಕೊಟ್ಟವರಲ್ಲಿ ಹಲವರು ಬರುವುದಿಲ್ಲ, ಊಟ ಹಾಳಾಗುತ್ತದೆ. ಟೀಶರ್ಟ್ ಬೇಕಾದವರಿಂದ ಮೊದಲೇ ಹಣ ಪಡೆದು ಅಷ್ಟನ್ನೇ ಮಾಡಿಸಿ. ನೇರ ಪ್ರಸಾರದ ತಂಡ ದುಬಾರಿ. ಓಬಿಎಸ್ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಪರದೆಯನ್ನೂ ಧ್ವನಿವರ್ಧಕದ ಮಿಕ್ಸರ್‌ನಿಂದ ಧ್ವನಿಯನ್ನೂ ದಾಖಲಿಸಿದರೆ ಧಾರಾಳ ಸಾಕು. ಬೆಳಿಗ್ಗೆ 10ಕ್ಕೆ ಶುರುಮಾಡಿ 4.30ಕ್ಕೆ ಮುಗಿಸಿ: ಮಂಗಳೂರು, ಕಣ್ಣೂರಿನವರು ರೈಲಿನಲ್ಲಿ ಅಂದೇ ಮರಳಬಹುದು, ವಸತಿ ಖರ್ಚಿಲ್ಲ.